ಹೆಸರು ಹೇಳಿದ ಕೂಡಲೇ ಮಾತು ನಿಂತ ಚಿತ್ರ: ಪ್ರತೀಕವಾದಿ ಕಲೆಗೆ ಯಾರ ಅರ್ಥ ಸರಿ?

ಪ್ರಶ್ನೆ: ಗಂಗಾವತಿಯ ಓದುಗ

ಮಾನ್ಯರೇ,

ಗಂಗಾವತಿಯಲ್ಲಿ ನಾವು ಹದಿನೈದು ಮಂದಿ ತಿಂಗಳಿಗೊಮ್ಮೆ ಸೇರಿ, ಒಂದು ಕವಿತೆಯನ್ನೋ ಒಂದು ಚಿತ್ರವನ್ನೋ ಮುಂದಿಟ್ಟುಕೊಂಡು ಮಾತನಾಡುವ ರೂಢಿ ಇಟ್ಟುಕೊಂಡಿದ್ದೇವೆ. ನಮ್ಮಲ್ಲಿ ಅಕ್ಕಿ ಗಿರಣಿಯ ಗುಮಾಸ್ತರಿದ್ದಾರೆ, ಶಿಕ್ಷಕಿಯರಿದ್ದಾರೆ, ಬಟ್ಟೆ ಹೊಲಿಯುವವರೊಬ್ಬರಿದ್ದಾರೆ. ಕಲೆಯನ್ನು ಶಾಸ್ತ್ರವಾಗಿ ಓದಿದವರು ಯಾರೂ ಇಲ್ಲ. ಕಳೆದ ತಿಂಗಳು ಸ್ವಿಟ್ಜರ್‌ಲ್ಯಾಂಡಿನ ಚಿತ್ರಕಾರ ಆರ್ನಾಲ್ಡ್ ಬ್ಯೋಕ್ಲಿನ್‌ನ ಒಂದು ಚಿತ್ರದ ದೊಡ್ಡ ಮುದ್ರಿತ ಪ್ರತಿಯನ್ನು, ಅದರ ಹೆಸರನ್ನು ಯಾರಿಗೂ ಹೇಳದೆ, ಗೋಡೆಗೆ ಅಂಟಿಸಿದೆವು. ನಿಶ್ಚಲವಾದ ನೀರು, ನಡುವೆ ಕಡಿದಾದ ಬಂಡೆಗಳ ಒಂದು ದ್ವೀಪ, ಬಂಡೆಯಲ್ಲಿ ಕೊರೆದ ಕೋಣೆಗಳು, ನಡುವೆ ಒತ್ತಾಗಿ ನಿಂತ ಕಪ್ಪು ಮರಗಳು, ಅದರ ಕಡೆಗೆ ಸಾಗುತ್ತಿರುವ ಒಂದು ಸಣ್ಣ ದೋಣಿ, ಅದರಲ್ಲಿ ಹುಟ್ಟು ಹಾಕುವವನೊಬ್ಬ, ಬೆನ್ನು ತೋರಿಸಿ ನಿಂತ ಬಿಳಿಯುಡುಗೆಯ ಒಂದು ಆಕೃತಿ, ಅದರ ಮುಂದೆ ಬಿಳಿ ಬಟ್ಟೆ ಹೊದಿಸಿದ ಒಂದು ಪೆಟ್ಟಿಗೆ.

ಒಂದು ಗಂಟೆ ಕಾಲ ನಡೆದ ಮಾತು ನನಗೆ ಇನ್ನೂ ಕಿವಿಯಲ್ಲಿದೆ. ಗುಮಾಸ್ತರು ನೋಡಿದ ಕೂಡಲೇ "ಇದು ನಮ್ಮ ನವವೃಂದಾವನ" ಎಂದರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ಒಂಬತ್ತು ಯತಿಗಳ ವೃಂದಾವನಗಳಿರುವುದು, ಅಲ್ಲಿಗೆ ದೋಣಿಯಲ್ಲೇ ಹೋಗಬೇಕಾಗಿರುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಬಿಳಿಯುಡುಗೆಯವರು ಮಡಿಯುಟ್ಟು ದರ್ಶನಕ್ಕೆ ಹೊರಟಿದ್ದಾರೆ ಎಂಬುದು ಅವರ ಓದು. ಹೊಲಿಗೆಯವರು ಅದನ್ನು ಒಪ್ಪದೆ, ಇದು ಗಂಡನ ಮನೆಗೆ ಹೊರಟ ಮದುಮಗಳು, ಎದುರಿಗಿರುವುದು ಅವಳ ಸೀರೆಯ ಪೆಟ್ಟಿಗೆ ಎಂದರು. ಹಿಂದಿನ ವರ್ಷ ಪತಿಯನ್ನು ಕಳೆದುಕೊಂಡ ಶಿಕ್ಷಕಿಯೊಬ್ಬರು ಬಹಳ ಹೊತ್ತು ಸುಮ್ಮನಿದ್ದು, "ಆಕೆ ತಲುಪಿಸಿ ಬರಲು ಹೊರಟಿದ್ದಾಳೆ, ಉಳಿಯಲು ಅಲ್ಲ" ಎಂದಷ್ಟೇ ಹೇಳಿದರು. ಆ ಕಪ್ಪು ಮರಗಳು ತಾಲ್ಲೂಕು ಕಚೇರಿಯ ಆವರಣದ ಅಶೋಕ ಮರಗಳ ಹಾಗಿವೆ ಎಂಬ ಮಾತಿಗೆ ಎಲ್ಲರೂ ನಕ್ಕರು.

ಆಗ ಅಂದಿನ ಅತಿಥಿಗಳು ಎದ್ದು, ಚಿತ್ರದ ಹೆಸರು 'ಸತ್ತವರ ದ್ವೀಪ' ಎಂದೂ, ಮರಗಳು ಯುರೋಪಿನ ಸ್ಮಶಾನಗಳಲ್ಲಿ ನೆಡುವ ಸೈಪ್ರಸ್ ಎಂದೂ, ಇದಕ್ಕೆ ಸಾವು ಎಂಬುದೊಂದೇ ಅರ್ಥವೆಂದೂ, ಉಳಿದದ್ದು ತಿಳಿಯದವರ ಕಲ್ಪನೆಯೆಂದೂ ಹೇಳಿದರು. ಮಾತು ಅಲ್ಲಿಗೇ ನಿಂತಿತು. ಚಹಾ ಕುಡಿದು ಎಲ್ಲರೂ ಮನೆಗೆ ಹೋದರು.

ನನ್ನ ಪ್ರಶ್ನೆ ಇದು. ಈ ಚಿತ್ರಕಾರನನ್ನು ಸೇರಿಸುವ ಪ್ರತೀಕವಾದಿಗಳು, ಅಂದರೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನೇರವಾಗಿ ಹೇಳದೆ ಸಂಕೇತಗಳಿಂದ ಸೂಚಿಸಿದ ಯುರೋಪಿನ ಕವಿಗಳು, ಚಿತ್ರಕಾರರು, ಬೇಕೆಂದೇ ಅರ್ಥವನ್ನು ತೆರೆದಿಟ್ಟರು ಎಂದು ಓದಿದ್ದೇನೆ. ಹಾಗಿದ್ದರೆ ನಮ್ಮ ಗುಮಾಸ್ತರ ನವವೃಂದಾವನ ಆ ಚಿತ್ರದ ಅರ್ಥಗಳಲ್ಲಿ ಒಂದಾಗಬಲ್ಲದೇ, ಅಥವಾ ಅತಿಥಿಗಳು ಹೇಳಿದಂತೆ ಅದು ಬರಿಯ ತಿಳಿವಳಿಕೆಯ ಕೊರತೆಯೇ?

ಉತ್ತರ: ಬಳ್ಳಾರಿಯ ಚಿತ್ರಕಲಾ ಶಿಕ್ಷಕ

ಸರ್, ನಿಮ್ಮ ಅತಿಥಿಗಳು ಹೇಳಿದ ಒಂದೊಂದು ಸಂಗತಿಯೂ ಸರಿ; ಅವುಗಳಿಂದ ಅವರು ತೆಗೆದ ತೀರ್ಮಾನ ಮಾತ್ರ ಸರಿಯಲ್ಲ. ಎಲ್ಲಕ್ಕಿಂತ ಮೊದಲು ಆ ಹೆಸರಿನ ವಿಚಾರ. 'ಸತ್ತವರ ದ್ವೀಪ' ಎಂಬ ಹೆಸರನ್ನು ಇಟ್ಟವನು ಬ್ಯೋಕ್ಲಿನ್ ಅಲ್ಲ, ಅವನ ಚಿತ್ರಗಳನ್ನು ಮಾರುತ್ತಿದ್ದ ಬರ್ಲಿನ್ನಿನ ವ್ಯಾಪಾರಿ ಫ್ರಿಟ್ಸ್ ಗುರ್ಲಿಟ್. ಅದೂ 1883ರಲ್ಲಿ, ಅಂದರೆ ಮೊದಲ ಚಿತ್ರ ಬರೆದು ಮೂರು ವರ್ಷಗಳಾದ ಮೇಲೆ. ನಿಮ್ಮ ಬಳಗದ ಮಾತನ್ನು ನಿಲ್ಲಿಸಿದ್ದು ಒಬ್ಬ ವ್ಯಾಪಾರಿಯ ಚೀಟಿ ಎಂದರೆ ತಪ್ಪಾಗದು. ಆದರೆ ಪೂರ್ತಿ ಅವನದೇ ಕಲ್ಪನೆಯೆಂದೂ ಹೇಳುವಂತಿಲ್ಲ, ಏಕೆಂದರೆ ಬ್ಯೋಕ್ಲಿನ್ ತಾನೇ ಒಂದು ಪತ್ರದಲ್ಲಿ ಇದನ್ನು ಸಮಾಧಿಗಳ ದ್ವೀಪ ಎಂಬ ಅರ್ಥದ ಮಾತಿನಿಂದ ಕರೆದಿದ್ದಾನೆ. ಸಮಾಧಿಗಳಿರುವ ದ್ವೀಪ! ಈ ಮಾತನ್ನು ನಿಮ್ಮ ಗುಮಾಸ್ತರಿಗೆ ತಲುಪಿಸಿದರೆ ಅವರು ನಕ್ಕಾರು.

ಇನ್ನು ಆ ಶಿಕ್ಷಕಿಯವರ ಮಾತು. 1880ರಲ್ಲಿ ಫ್ಲಾರೆನ್ಸಿನಲ್ಲಿ ಬ್ಯೋಕ್ಲಿನ್ ಈ ಚಿತ್ರದ ಮೊದಲ ಆವೃತ್ತಿಯನ್ನು ಬರೆಯುತ್ತಿದ್ದಾಗ, ಮರೀ ಬೆರ್ನಾ ಎಂಬ ಮಹಿಳೆ ಅವನ ಕೆಲಸದ ಕೋಣೆಗೆ ಬಂದು ಅದನ್ನು ನೋಡಿ, ತನಗೂ ಅಂಥದೊಂದು ಬೇಕೆಂದು ಕೇಳಿದಳು. ಆಕೆಯ ಪತಿ ವರ್ಷಗಳ ಹಿಂದೆಯೇ ತೀರಿಕೊಂಡಿದ್ದ. ದೋಣಿಯಲ್ಲಿ ಆ ಬಿಳಿ ಆಕೃತಿಯೂ ಶವಪೆಟ್ಟಿಗೆಯೂ ಬಂದದ್ದು ಆಕೆಯ ಕೋರಿಕೆಯ ಮೇಲೆ. ಆಮೇಲೆ ಬ್ಯೋಕ್ಲಿನ್ ಮೊದಲ ಚಿತ್ರಕ್ಕೂ ಅವುಗಳನ್ನು ಸೇರಿಸಿದ. ಈ ಕತೆಯ ಒಂದಕ್ಷರವನ್ನೂ ತಿಳಿಯದ ನಿಮ್ಮ ಶಿಕ್ಷಕಿ, ಪತಿಯನ್ನು ತಲುಪಿಸಲು ಹೊರಟ ಹೆಂಗಸನ್ನು ಅಲ್ಲಿ ಕಂಡರು. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಫೋನು ಕೆಳಗಿಟ್ಟು ಕುಳಿತೆ.

ಅವನು ಇದನ್ನು 1880ರಿಂದ 1886ರವರೆಗೆ ಐದು ಸಲ ಬರೆದ. ಈಗ ಅವು ಬಾಸೆಲ್, ನ್ಯೂಯಾರ್ಕ್, ಬರ್ಲಿನ್ ಮತ್ತು ಲೈಪ್‌ಜಿಗ್‌ಗಳಲ್ಲಿವೆ. ನಾಲ್ಕನೆಯದು ಎರಡನೆಯ ಮಹಾಯುದ್ಧದಲ್ಲಿ ನಾಶವಾಗಿ, ಅದರ ಕಪ್ಪುಬಿಳುಪು ಛಾಯಾಚಿತ್ರ ಮಾತ್ರ ಉಳಿದಿದೆ. ಬಾಸೆಲ್‌ನದರಲ್ಲಿ ಮುಸ್ಸಂಜೆಯ ಮಬ್ಬಿದ್ದರೆ, ಬರ್ಲಿನ್‌ನದರಲ್ಲಿ ಆಕಾಶ ತಿಳಿಯಾಗಿದೆ. ನೀವು ಯಾವುದನ್ನು ಅಂಟಿಸಿದ್ದಿರಿ ಎಂಬುದರ ಮೇಲೆಯೇ ಅರ್ಧ ಮಾತು ನಿರ್ಧಾರವಾಗಿರಬಹುದು. ರಷ್ಯದ ಸಂಗೀತಗಾರ ರಾಖ್ಮನಿನಾಫ್ ಈ ಚಿತ್ರದ ಕಪ್ಪುಬಿಳುಪು ಪ್ರತಿಯನ್ನು ಪ್ಯಾರಿಸ್ಸಿನಲ್ಲಿ ನೋಡಿ, ಅದರಿಂದ ಪ್ರೇರಿತನಾಗಿ ಒಂದು ವಾದ್ಯವೃಂದ ಕೃತಿಯನ್ನು ರಚಿಸಿದ. ಅದರ ಐದು ಮಾತ್ರೆಯ ನಡೆಯಲ್ಲಿ ಹುಟ್ಟು ಬೀಳುವ ಸದ್ದು ಕೇಳಿಸುತ್ತದೆ. ಮುಂದೆ ಬಣ್ಣದ ಮೂಲವನ್ನು ನೋಡಿದಾಗ ಅದು ಅವನನ್ನು ಅಷ್ಟಾಗಿ ಕಲಕಲಿಲ್ಲ. ಅದನ್ನೇ ಮೊದಲು ನೋಡಿದ್ದರೆ ಬಹುಶಃ ಆ ಕೃತಿಯನ್ನು ಬರೆಯುತ್ತಿರಲಿಲ್ಲ ಎಂದು ಅವನೇ ಹೇಳಿಕೊಂಡ. ಅಂದರೆ ಅವನ ಸಂಗೀತ ಹುಟ್ಟಿದ್ದೇ ಬಣ್ಣವಿಲ್ಲದ ಒಂದು ನಕಲಿನಿಂದ.

ನನ್ನ ತರಗತಿಯ ಅನುಭವವನ್ನೂ ಹೇಳಿಬಿಡುತ್ತೇನೆ. ಫ್ರಾನ್ಸಿನ ಒದಿಲೋಂ ರದೋಂ 1882ರಲ್ಲಿ ಮಾಡಿದ ಒಂದು ಕಲ್ಲಚ್ಚಿನ ಚಿತ್ರದಲ್ಲಿ ದೊಡ್ಡದೊಂದು ಕಣ್ಣೇ ಬಲೂನಾಗಿ ಮೇಲಕ್ಕೇರುತ್ತಿರುತ್ತದೆ. ಅದನ್ನು ಒಂಬತ್ತನೇ ತರಗತಿಗೆ ತೋರಿಸಿದಾಗ ಮಕ್ಕಳು ಒಂದೇ ದನಿಯಲ್ಲಿ "ದೃಷ್ಟಿ ಕುಂಬಳಕಾಯಿ ಸರ್" ಎಂದು ಕೂಗಿದರು. ಹೊಸ ಮನೆಯ ಮುಂದೆ ಕಣ್ಣು, ಹಲ್ಲು ಬರೆದು ತೂಗುಹಾಕುವ ಬೂದುಗುಂಬಳ ಅವರ ಕಣ್ಣ ಮುಂದಿತ್ತು. ನಾನು ಅಲ್ಲವೆನ್ನಲಿಲ್ಲ. ಆದರೆ ಕುಂಬಳಕಾಯಿಯ ಕಣ್ಣು ಎತ್ತ ನೋಡುತ್ತದೆ, ಈ ಕಣ್ಣು ಎತ್ತ ನೋಡುತ್ತಿದೆ ಎಂದು ಕೇಳಿದೆ. ಒಬ್ಬ ಹುಡುಗಿ, ಕುಂಬಳಕಾಯಿ ಬೀದಿಯವರನ್ನು ನೋಡಿ ಹೆದರಿಸುತ್ತದೆ, ಇದು ನಮ್ಮನ್ನು ಬಿಟ್ಟು ಮೇಲೆ ನೋಡುತ್ತಿದೆ ಎಂದಳು. ಅಲ್ಲಿಂದ ನಿಜವಾದ ಪಾಠ ಶುರುವಾಯಿತು.

ಉತ್ತರ: ಸಿಂಧನೂರಿನವ

ಎಲ್ಲವೂ ಚೆನ್ನಾಗಿದೆ. ಆದರೆ ಅನಿಸಿದ್ದೆಲ್ಲವೂ ಅರ್ಥವೇ ಆಗುವುದಾದರೆ, ಕವಿ ವರ್ಷಗಟ್ಟಲೆ ಕುಳಿತು ಒಂದು ಪದವನ್ನು ತಿದ್ದುವ ಅಗತ್ಯವೇನಿತ್ತು? ಗೋಡೆಯ ಮೇಲಿನ ತೇವದ ಕಲೆಯಲ್ಲೂ ನಮಗೆ ಆನೆ, ಕುದುರೆ ಕಾಣುತ್ತವೆ. ಆ ಕಲೆಯನ್ನು ಯಾರೂ ಕಲಾಕೃತಿ ಎನ್ನುವುದಿಲ್ಲ. ಮದುಮಗಳ ಸೀರೆಯ ಪೆಟ್ಟಿಗೆ ಎಂಬುದನ್ನು ಒಪ್ಪಿದರೆ ನಾಳೆ ಅದನ್ನು ಬ್ಯಾಲೆಟ್ ಪೆಟ್ಟಿಗೆ ಎನ್ನುವವರನ್ನೂ ಒಪ್ಪಬೇಕಾಗುತ್ತದೆ. ಎಲ್ಲಿ ಗೆರೆ ಎಳೆಯುತ್ತೀರಿ ಎಂಬುದನ್ನು ಯಾರಾದರೂ ಸ್ಪಷ್ಟವಾಗಿ ಹೇಳಬೇಕು.

ಉತ್ತರ: ರಾಯಚೂರಿನ ನಿವೃತ್ತ ಕನ್ನಡ ಅಧ್ಯಾಪಕಿ

ಸಿಂಧನೂರಿನವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರಿಸುವ ಮೊದಲು, ಅರ್ಥ ಹಲವಾಗುವುದು ಫ್ರಾನ್ಸಿನಿಂದ ನಮಗೆ ಬಂದ ಹೊಸ ಸಂಗತಿಯೇನಲ್ಲ ಎಂಬುದನ್ನು ನೆನಪಿಸಬೇಕಾಗಿದೆ. ಸಂಸ್ಕೃತದ ಕಾವ್ಯಮೀಮಾಂಸಕ ಮಮ್ಮಟನು ತನ್ನ 'ಕಾವ್ಯಪ್ರಕಾಶ'ದಲ್ಲಿ "ಸೂರ್ಯ ಮುಳುಗಿದ" ಎಂಬ ಒಂದೇ ವಾಕ್ಯವನ್ನು ಇಟ್ಟುಕೊಂಡು, ಕೇಳುವವರು ಬದಲಾದಂತೆ ಅದರ ವ್ಯಂಗ್ಯಾರ್ಥ, ಅಂದರೆ ನೇರವಾಗಿ ಹೇಳದೆ ಸೂಚಿಸುವ ಅರ್ಥ, ಹೇಗೆ ಬದಲಾಗುತ್ತದೆಂದು ತೋರಿಸುತ್ತಾನೆ: ಒಬ್ಬರಿಗೆ ಶತ್ರುವಿನ ಮೇಲೆ ಬೀಳುವ ಸಮಯ, ಇನ್ನೊಬ್ಬರಿಗೆ ನಲ್ಲನನ್ನು ಕಾಣಲು ಹೊರಡುವ ಸಮಯ, ಮತ್ತೊಬ್ಬರಿಗೆ ದನ ಹೊಡೆದುಕೊಂಡು ಬರುವ ಸಮಯ. ನಮ್ಮ ರಾಯಚೂರಿನಲ್ಲೇ ಅದೇ ಮಾತನ್ನು ಆಡಿ ನೋಡಿ. ಕಣದಲ್ಲಿ ಮೆಣಸಿನಕಾಯಿ ಹರವಿದವರಿಗೆ ಅದು ರಾಶಿ ಮುಚ್ಚಿರೆಂಬ ಸೂಚನೆ, ರೋಜಾ ಹಿಡಿದವರಿಗೆ ಖರ್ಜೂರ ಕೈಗೆತ್ತಿಕೊಳ್ಳಿರೆಂಬ ಸೂಚನೆ. ಆದರೆ ಇಲ್ಲಿ ಯಾರು ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರೆಂಬುದು ಗೊತ್ತಾದೊಡನೆ ಅರ್ಥ ಒಂದು ಕಡೆ ನೆಲೆ ನಿಲ್ಲುತ್ತದೆ.

ಒಗಟಿನಂತೆ ಅರ್ಥವನ್ನು ಅಡಗಿಸಿಡುವ ಬೆಡಗಿನ ವಚನಗಳದೂ ಕನಕದಾಸರ ಮುಂಡಿಗೆಗಳದೂ ಬೇರೆ ದಾರಿ. ದಾಸರ ನಾಡಾದ ಮಾನ್ವಿಯ ಕಡೆ ನಾನು ಪಾಠ ಹೇಳುತ್ತಿದ್ದಾಗ, ಮುಂಡಿಗೆ ಹಾಡುವ ಹಿರಿಯರು ಒಂದೊಂದು ಸಾಲಿಗೂ ನಿಂತು "ಇದನ್ನು ಬಿಡಿಸು" ಎನ್ನುತ್ತಿದ್ದರು. ಬಿಡಿಸುವುದು ಎಂಬ ಮಾತನ್ನು ಗಮನಿಸಬೇಕು. ಅಲ್ಲೊಂದು ಗಂಟಿದೆ, ಅದನ್ನು ಬಿಡಿಸುವ ಬಗೆ ಪರಂಪರೆಗೆ ಗೊತ್ತಿದೆ. ಅಲ್ಲಮನ ಬೆಡಗಿಗೆ ಟೀಕೆ ಬರೆದವರೂ ಇಂಥ ಪ್ರಾಣಿ ಎಂದರೆ ಇಂಥ ಇಂದ್ರಿಯ, ಇಂಥ ಸಂಖ್ಯೆ ಎಂದರೆ ಇಂಥ ತತ್ತ್ವ ಎಂದು ಬಿಡಿಸುತ್ತಾ ಹೋದರು. (ಆ ಟೀಕೆಗಳನ್ನು ಓದಿ ಮುಗಿಸಿದ ಮೇಲೆ ವಚನದ ಬೆರಗು ಕಡಿಮೆಯಾದಂತೆ ನನಗೆ ಯಾವಾಗಲೂ ಅನಿಸಿದೆ, ಇದು ನನ್ನ ದೋಷವೂ ಇರಬಹುದು.)

ಪ್ರತೀಕವಾದಿಗಳು ಮಾಡಿದ ಹೊಸ ಕೆಲಸವೆಂದರೆ, ಗಂಟನ್ನು ಹಾಕಿ ಬಿಡಿಸುವ ಬಗೆಯನ್ನು ಯಾರ ಕೈಗೂ ಕೊಡದೆ ಹೋದದ್ದು. 1886ರ ಸೆಪ್ಟೆಂಬರ್ 18ರಂದು ಜ್ಯಾಂ ಮೊರೆಯಾಸ್ 'ಫಿಗಾರೊ' ಪತ್ರಿಕೆಯಲ್ಲಿ ಈ ಪಂಥದ ಪ್ರಣಾಳಿಕೆಯನ್ನು ಪ್ರಕಟಿಸಿದನಾದರೂ, ಅದರ ಒಳಗುಟ್ಟನ್ನು ಹೇಳಿದವನು ಸ್ಟೆಫಾನ್ ಮಲ್ಲಾರ್ಮೆ; ಪಾಪ, ಹೊಟ್ಟೆಪಾಡಿಗೆ ಇಂಗ್ಲಿಷ್ ಮೇಷ್ಟರಾಗಿದ್ದವನು. 1891ರಲ್ಲಿ ಪತ್ರಕರ್ತ ಜೂಲ್ ಉರೆಗೆ ಕೊಟ್ಟ ಸಂದರ್ಶನದಲ್ಲಿ ಅವನು, ವಸ್ತುವನ್ನು ಹೆಸರಿಟ್ಟು ಕರೆದುಬಿಟ್ಟರೆ ಕವಿತೆಯ ಸುಖದ ಮುಕ್ಕಾಲು ಪಾಲು ಅಳಿಸಿಹೋಗುತ್ತದೆ, ಆ ಸುಖವಿರುವುದು ಸ್ವಲ್ಪ ಸ್ವಲ್ಪವಾಗಿ ಊಹಿಸುವುದರಲ್ಲಿ ಎಂಬರ್ಥದ ಮಾತು ಹೇಳಿದ. ನಿಮ್ಮ ಗಂಗಾವತಿಯ ಸಭೆಯಲ್ಲಿ ಹೆಸರು ಹೇಳಿದ ಕೂಡಲೇ ಆದದ್ದು ಇದೇ ಅಲ್ಲವೇ?

ಅವನದೇ ಒಂದು ಸುನೀತವನ್ನು, ಅಂದರೆ ಹದಿನಾಲ್ಕು ಸಾಲಿನ ಕವಿತೆಯನ್ನು, ತೆಗೆದುಕೊಳ್ಳೋಣ. ಹೆಪ್ಪುಗಟ್ಟಿದ ಸರೋವರದಲ್ಲಿ ಹಂಸವೊಂದು ಸಿಕ್ಕಿಕೊಂಡಿದೆ. ಹಾರಬೇಕಾದಾಗ ಹಾರದೆ ಉಳಿದದ್ದರಿಂದ ಅದರ ರೆಕ್ಕೆ ಮಂಜುಗಡ್ಡೆಗೆ ಅಂಟಿಕೊಂಡಿದೆ. ಬರೆಯಲಾಗದ ಕವಿಯ ಸಂಕಟ ಎಂದು ಕೆಲವರು ಓದಿದರು, ಲೋಕದಿಂದ ದೂರವಾದ ಆತ್ಮ ಎಂದು ಕೆಲವರು ಓದಿದರು, ಕೊನೆಯ ಪದವನ್ನು ಹಿಡಿದು ಅದು ಆಕಾಶದಲ್ಲಿರುವ ಹಂಸ ನಕ್ಷತ್ರಪುಂಜ ಎಂದವರೂ ಇದ್ದಾರೆ. ಫ್ರೆಂಚಿನಲ್ಲಿ ಹಂಸಕ್ಕೂ ಸಂಕೇತಕ್ಕೂ ಇರುವ ಪದಗಳ ಉಚ್ಚಾರಣೆ ಒಂದೇ ಆಗಿರುವುದರಿಂದ, ಕಿವಿಗೆ ಬೀಳುವಾಗ ಆ ಹಕ್ಕಿ ತಾನೇ ಒಂದು ಸಂಕೇತವೂ ಆಗಿಬಿಡುತ್ತದೆ. ಕನ್ನಡಕ್ಕೆ ತರುವಾಗ ಈ ಶ್ಲೇಷ ನಷ್ಟವಾಗುತ್ತದೆ. ಆದರೆ ನಾವು 'ಹಂಸ' ಎಂದ ಕ್ಷಣ, ಉಸಿರಿನ ಹಂಸ, ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸ, ಪರಮಹಂಸ, ಎಲ್ಲವೂ ಕರೆಯದೆಯೇ ಬಂದು ಕೂರುತ್ತವೆ. ಮೇ ತಿಂಗಳಲ್ಲಿ ಕೊಡದ ನೀರೂ ಕಾದುಹೋಗುವ ಈ ಊರಿನಲ್ಲಿ, ಹೆಪ್ಪುಗಟ್ಟಿದ ಕೆರೆಯನ್ನು ಕಂಡವರೇ ಇಲ್ಲದ ತರಗತಿಗೆ ಆ ಕವಿತೆಯನ್ನು ಒಮ್ಮೆ ಓದಿ ಹೇಳಿದೆ. ಒಬ್ಬ ವಿದ್ಯಾರ್ಥಿ, ಕೆರೆ ಬತ್ತಿದಾಗ ಕೆಸರಿನಲ್ಲಿ ಕಾಲು ಸಿಕ್ಕಿಕೊಂಡು ಸತ್ತ ಕೊಕ್ಕರೆಯನ್ನು ತಾನು ಕಂಡಿರುವುದಾಗಿ ಹೇಳಿದ. ಚಳಿಯ ಕವಿತೆ ಬೇಸಿಗೆಯ ಕವಿತೆಯಾಗಿ ಅವನಿಗೆ ಅರ್ಥವಾಗಿತ್ತು. ಸಿಕ್ಕಿಬಿದ್ದ ರೆಕ್ಕೆ ಮಾತ್ರ ಎರಡರಲ್ಲೂ ಅದೇ.

ಈಗ ಸಿಂಧನೂರಿನವರ ಗೆರೆಯ ಪ್ರಶ್ನೆಗೆ ಬರುತ್ತೇನೆ. ನಾನು ಗೆರೆ ಎಳೆಯುವುದು ಇಲ್ಲಿ: ಕೃತಿಯಲ್ಲಿರುವ ಎಷ್ಟು ಸಂಗತಿಗಳನ್ನು ಒಂದು ಓದು ತನ್ನ ಜೊತೆ ಕರೆದುಕೊಂಡು ಹೋಗುತ್ತದೆ, ಎಷ್ಟನ್ನು ದಾರಿಯಲ್ಲಿ ಬಿಟ್ಟುಹೋಗುತ್ತದೆ? ಬ್ಯಾಲೆಟ್ ಪೆಟ್ಟಿಗೆಯ ಓದು ಪೆಟ್ಟಿಗೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ, ನೀರನ್ನು, ಬಂಡೆಯನ್ನು, ಮೌನವನ್ನು, ಹಿಂದೆ ಬಿಡುತ್ತದೆ. ಮದುಮಗಳ ಓದು ಹಾಗಲ್ಲ. ಸಾವನ್ನು ಗಂಡನ ಮನೆಗೆ ಹೋಗುವುದೆಂದು ಹಾಡುವುದು ನಮ್ಮ ತತ್ತ್ವಪದಗಳಲ್ಲಿ ಹಳೆಯ ರೂಢಿ. ಹೊಲಿಗೆಯವರು ತಾವು ಅರಿಯದೆಯೇ ಅಂಥದೊಂದು ಪದವನ್ನು ಆ ಚಿತ್ರಕ್ಕೆ ಹಾಡಿದರು.

ಮರು ಉತ್ತರ: ಬಳ್ಳಾರಿಯ ಚಿತ್ರಕಲಾ ಶಿಕ್ಷಕ

ಮೇಡಂ ಹೇಳಿದ ಗಂಟಿನ ಮಾತಿಗೆ ನಮ್ಮ ಊರ ಪಕ್ಕದ ಒಂದು ಉದಾಹರಣೆಯನ್ನು ಸೇರಿಸುತ್ತೇನೆ. ಸಂಗನಕಲ್ಲು, ಕುಪ್ಪಗಲ್ಲು ಗುಡ್ಡದ ಕಪ್ಪು ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದಿನ ಜನ ಕುಟ್ಟಿ ಮೂಡಿಸಿದ ಎತ್ತುಗಳ ಚಿತ್ರಗಳಿವೆ. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊರಡುತ್ತದೆ. ಆ ಎತ್ತುಗಳಿಗೆ ಅರ್ಥವೊಂದು ಖಂಡಿತ ಇತ್ತು, ಹೇಳುವವರು ಉಳಿಯಲಿಲ್ಲ. ಬ್ಯೋಕ್ಲಿನ್‌ನ ಮೌನ ಬೇರೆ ಬಗೆಯದು. ಅವನು ಬದುಕಿದ್ದಾಗಲೂ ಹೇಳದೆ ಉಳಿಸಿದ್ದು. 1883ರ ಚಿತ್ರದಲ್ಲಿ ಬಂಡೆಯ ಒಂದು ಕೋಣೆಯ ಮೇಲೆ ತನ್ನ ಹೆಸರಿನ ಎರಡು ಮೊದಲಕ್ಷರಗಳನ್ನು ಬರೆದಿದ್ದಾನೆ. ಅದು ಚಿತ್ರಕಾರನ ಸಹಿಯೋ, ತನಗಾಗಿ ಕಾಯ್ದಿರಿಸಿದ ಜಾಗವೋ, ನೋಡಿದವರೇ ಹೇಳಬೇಕು.

ಉತ್ತರ: ಆನೆಗೊಂದಿಯ ಕಡೆಯವ

ಎಲ್ಲರ ಮಾತನ್ನೂ ಓದಿದೆ. ನಾನು ಕಲೆಯನ್ನು ಓದಿದವನಲ್ಲ. ನಮ್ಮ ತಂದೆಯವರು ಹರಿಗೋಲು ನಡೆಸುತ್ತಿದ್ದರು, ಆದ್ದರಿಂದ ನವವೃಂದಾವನದ ಮಾತು ಬಂದಾಗ ನಾನೂ ಎರಡು ಮಾತು ಹೇಳಬಹುದೆಂದುಕೊಂಡಿದ್ದೇನೆ. ಆ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ.

ಗುಮಾಸ್ತರಿಗೆ ಅದು ನವವೃಂದಾವನವೆನಿಸಿದ್ದು ಸಹಜ. ನಂಬುವವರಿಗೆ ಅಲ್ಲಿರುವ ಯತಿಗಳು ಸತ್ತವರಲ್ಲ. ಅವರು ವೃಂದಾವನಸ್ಥರಾಗಿ ಧ್ಯಾನದಲ್ಲಿದ್ದಾರೆ. ಆದ್ದರಿಂದ ಸಮಾಧಿಗಳ ದ್ವೀಪಕ್ಕೆ ಹೊರಟವರ ಮುಖದಲ್ಲಿ ಭಯವಿರುವುದಿಲ್ಲ, ಕೈಯಲ್ಲಿ ತುಳಸಿ ಇರುತ್ತದೆ. ಆ ಬಿಳಿ ಆಕೃತಿಯ ನಿಲುವಿನಲ್ಲೂ ನನಗೆ ಭಯ ಕಾಣಲಿಲ್ಲ. ಇಷ್ಟರ ಮಟ್ಟಿಗೆ ಗುಮಾಸ್ತರ ಜೊತೆ ನಾನಿದ್ದೇನೆ.

ಆದರೆ ಎರಡು ಕಡೆ ನನ್ನ ಮನಸ್ಸು ಒಪ್ಪಲಿಲ್ಲ. ಒಂದು, ಆ ನೀರು. ನಮ್ಮ ಹೊಳೆ ಎಂದೂ ಹಾಗೆ ಸುಮ್ಮನೆ ಮಲಗುವುದಿಲ್ಲ. ಬೇಸಿಗೆಯಲ್ಲೂ ಬಂಡೆಗಳ ನಡುವೆ ಸೆಳೆತವಿರುತ್ತದೆ, ಜಲಾಶಯದಿಂದ ನೀರು ಬಿಟ್ಟರಂತೂ ದಾಟುವುದೇ ನಿಂತುಹೋಗುತ್ತದೆ. ಚಿತ್ರದ ನೀರಿನಲ್ಲಿ ಹುಟ್ಟಿನ ಸುತ್ತ ಒಂದು ಅಲೆಯೂ ಎದ್ದಂತಿಲ್ಲ. ಇನ್ನೊಂದು, ಆ ದೋಣಿ. ಹರಿಗೋಲೆಂದರೆ ಬಿದಿರಿನಿಂದ ಹೆಣೆದ ದುಂಡನೆಯ ಬುಟ್ಟಿ. ಹಿಂದೆ ಚರ್ಮ ಹೊದಿಸುತ್ತಿದ್ದರು, ಈಚೆಗೆ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿಯುತ್ತಾರೆ. ಅದಕ್ಕೆ ಮುಂದು ಹಿಂದು ಎಂಬುದೇ ಇಲ್ಲ. ಗಿರಗಿರನೆ ತಿರುಗುತ್ತಾ ಹೋಗುವಾಗ ಕುಳಿತವರ ಮುಖ ಒಮ್ಮೆ ಆ ದಡಕ್ಕೆ, ಒಮ್ಮೆ ಈ ದಡಕ್ಕೆ ಆಗುತ್ತಿರುತ್ತದೆ. ದಡದಲ್ಲಿ ನಿಂತು ನೋಡುವವರಿಗೆ ಅದು ಹೋಗುತ್ತಿದೆಯೋ ಬರುತ್ತಿದೆಯೋ ಸ್ವಲ್ಪ ಹೊತ್ತು ತಿಳಿಯುವುದಿಲ್ಲ. ಚಿಕ್ಕಂದಿನಲ್ಲಿ ತಂದೆಯವರು ಮನೆಗೆ ಬರುತ್ತಿದ್ದಾರೋ ಇನ್ನೊಂದು ಸಲ ಜನರನ್ನು ದಾಟಿಸಲು ಹೊರಟರೋ ಎಂದು ನಾನು ಹಾಗೆ ನೋಡುತ್ತಾ ನಿಂತದ್ದುಂಟು. ಚಿತ್ರದ ದೋಣಿಗೆ ಚೂಪಾದ ಮೂತಿ ಇದೆ, ಅದು ಒಂದೇ ಕಡೆಗೆ ಮುಖ ಮಾಡಿದೆ.

ಮರು ಉತ್ತರ: ಗಂಗಾವತಿಯ ಓದುಗ

ಎಲ್ಲರಿಗೂ ವಂದನೆಗಳು. ಮುದ್ರಿತ ಪ್ರತಿಯನ್ನು ನಾನು ಗೋಡೆಯಿಂದ ತೆಗೆದಿರಲಿಲ್ಲ. ಆನೆಗೊಂದಿಯವರ ಮಾತನ್ನು ನಿನ್ನೆ ಸಂಜೆ ಗುಮಾಸ್ತರಿಗೆ ಓದಿ ಹೇಳಿದೆ. ಅವರು ಕನ್ನಡಕ ಏರಿಸಿಕೊಂಡು ದೋಣಿಯ ಮೂತಿಯನ್ನು ಬಹಳ ಹೊತ್ತು ನೋಡಿ, "ಹಾಗಾದರೆ ಇದು ನಮ್ಮದಲ್ಲ" ಎಂದರು. ಬಾಗಿಲವರೆಗೆ ಹೋದವರು ತಿರುಗಿ ಬಂದು, "ಆದರೂ ಆಕೆ ಹೆದರಿಲ್ಲ, ಅದನ್ನು ಬರೆದುಕೊಳ್ಳಿ" ಎಂದರು. ಬರೆದುಕೊಂಡಿದ್ದೇನೆ.